ತಲೆಯೊಳಗಿನ 4 ಮಿಲಿಮೀಟರ್

ನಮ್ಮ ಚಿಗವ್ವ ಗದಗ-ಬೆಟಗೇರಿಯವಳು. ವಯಸ್ಸು 58. ಕಳೆದ ವರ್ಷ ಎರಡು ವಾರ ಬಿಟ್ಟೂ ಬಿಡದೆ ತಲೆ ತಿರುಗುತ್ತಿತ್ತು. ಹುಬ್ಬಳ್ಳಿಗೆ ಕರೆತಂದು ತೋರಿಸಿದೆವು. ಕಿವಿಯ ತೊಂದರೆ ಇದ್ದಂಗಿದೆ, ಯಾವುದಕ್ಕೂ ಒಂದು ಎಂಆರ್‌ಐ ಆಗಲಿ ಅಂದರು. ತಲೆಸುತ್ತು ಮಾತ್ರೆಗೇ ಹೋಯಿತು. ಆದರೆ ರಿಪೋರ್ಟಿನ ಕೊನೇ ಸಾಲಿನಲ್ಲಿ ಯಾರೂ ಕೇಳದ ಒಂದು ವಿಷಯ ಕೂತಿತ್ತು. ಮೆದುಳಿನ ಎಡಗಡೆಯ ಒಂದು ರಕ್ತನಾಳ ಕವಲೊಡೆಯುವ ಜಾಗದಲ್ಲಿ 4 ಮಿಲಿಮೀಟರಿನ ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆಯ ಉಬ್ಬು.

ಸ್ಕ್ಯಾನ್ ಸೆಂಟರಿನ ಎದುರು ಚಹಾದಂಗಡಿ ಬೆಂಚಿನ ಮೇಲೆ ಕೂತು ಆ ಶಬ್ದವನ್ನು ಫೋನಿನಲ್ಲಿ ಹುಡುಕಿದೆ. ಆಗಲೇ ಹುಡುಕಬಾರದಿತ್ತು. ಮೊದಲು ಕಣ್ಣಿಗೆ ಬಿದ್ದದ್ದೇ ಒಡೆಯುವುದು, ಸಾಯುವುದು. ಚಿಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನ್ ಬರದಾರೋ ತಮ್ಮಾ? ಖರೇ ಹೇಳು" ಅಂದಳು.

ಮರುದಿನ ಒಂದು ಆಸ್ಪತ್ರೆಯಲ್ಲಿ ಇವತ್ತೇ ಅಡ್ಮಿಟ್ ಮಾಡಿ, ಯಾವ ಗಳಿಗೆಯಲ್ಲಾದರೂ ಒಡೆಯಬಹುದು ಅಂದರು. ಎರಡು ದಿನ ಬಿಟ್ಟು ಇನ್ನೊಬ್ಬ ಡಾಕ್ಟರು ಅದೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಗಡಿಬಿಡಿ ಏನೂ ಬ್ಯಾಡ್ರಿ, ಮೊದಲ ಬಿಪಿ ನೋಡೂಣು" ಅಂದರು. ಒಂದೇ ಫಿಲ್ಮು, ಎರಡು ಮಾತು. ಯಾವುದನ್ನು ನಂಬುವುದು? ಆ ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಇದು ಈಗ ಬಹಳ ಮನೆಗಳ ಕತೆ. ಹುಬ್ಬಳ್ಳಿ-ಧಾರವಾಡದಲ್ಲಿ ಎಂಆರ್‌ಐ ಮೊದಲಿನಷ್ಟು ಅಪರೂಪವಲ್ಲ. ಗದಗ, ಹಾವೇರಿ ಕಡೆಯಿಂದಲೂ ತಲೆನೋವು, ತಲೆಸುತ್ತು, ಬೈಕಿನಿಂದ ಬಿದ್ದ ಪೆಟ್ಟು ಅಂತ ಬಂದು ಸ್ಕ್ಯಾನ್ ಮಾಡಿಸುತ್ತಾರೆ. ಒಂದನ್ನು ಹುಡುಕಲು ಹೋದಾಗ ಇನ್ನೊಂದು ಸಿಗುತ್ತದೆ. 2025ರ ಜೂನ್‌ನಲ್ಲಿ ನಟ ಸಲ್ಮಾನ್ ಖಾನ್ ತಮಗೂ ಮೆದುಳಿನ ಅನ್ಯೂರಿಸಂ ಇದೆ ಅಂತ ಹೇಳಿಕೊಂಡ ಮೇಲೆ ಆ ಶಬ್ದ ಎಲ್ಲರ ಬಾಯಿಗೆ ಬಂತು. ಆದರೆ ಒಡೆಯದೇ ಇರುವ ಅನ್ಯೂರಿಸಂ ತನ್ನ ಪಾಡಿಗೆ ತಾನಿದ್ದರೆ ಏನಾಗುತ್ತದೆ, ಯಾವಾಗ ಕೈ ಹಾಕಬೇಕು ಅನ್ನುವ ಲೆಕ್ಕವನ್ನು ಯಾರೂ ಕೂತು ಹೇಳುವುದಿಲ್ಲ. ನಾನು ಕಲಿತದ್ದು ಆ ಲೆಕ್ಕ ತಿಳಿದ ಮೇಲೆಯೇ ನಿದ್ದೆ ಬರುತ್ತದೆ ಅಂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಶಬ್ದದ ಗೊಂದಲ ಬಿಡಿಸಬೇಕು. ನಮ್ಮ ಕಡೆ ನರಕ್ಕೂ ನರ ಅಂತಾರೆ, ರಕ್ತನಾಳಕ್ಕೂ ನರ ಅಂತಾರೆ. "ತಲ್ಯಾಗ ನರ ಉಬ್ಬೇತಿ" ಅಂದದ್ದೇ ತಡ, ಒಬ್ಬರು ನರಕ್ಕೆ ಬೇರು ಕೊಡುವವರ ಊರು ಹೇಳಿದರು, ಇನ್ನೊಬ್ಬರು ಎಣ್ಣೆ ತಿಕ್ಕಿಸಿ ಅಂದರು. ಉಬ್ಬಿರುವುದು ರಕ್ತ ಹರಿಯುವ ಕೊಳವೆ, ಅಂದರೆ ಅಪಧಮನಿ. ಅದಕ್ಕೆ ಬೇರೂ ಇಲ್ಲ, ಎಣ್ಣೆಯೂ ಇಲ್ಲ. ಇನ್ನು ಕೆಲವರು ಗಂಟು ಅಂತಾರೆ, ಕೇಳಿದವರು ಕ್ಯಾನ್ಸರ್ ಅಂದುಕೊಂಡು ಅಳುತ್ತಾರೆ. ಕ್ಯಾನ್ಸರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಉಬ್ಬು ಸಾಮಾನ್ಯವಾಗಿ ರಕ್ತನಾಳ ಎರಡಾಗುವ ಕವಲಿನಲ್ಲೇ ಆಗುತ್ತದೆ. ನವಲಗುಂದ, ನರಗುಂದದ ಕಡೆ ಮಲಪ್ರಭಾ ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಎರಡಾಗುವಲ್ಲಿ ನೀರು ನೇರ ಬಂದು ಬಡಿಯುವ ದಂಡೆಯೇ ಮೊದಲು ಸವೆಯುತ್ತದೆ. ರಕ್ತನಾಳದ ಗೋಡೆಯೂ ಹಾಗೇ. ವರ್ಷಗಟ್ಟಲೆ ಬಡಿತ ತಿಂದು ಅಲ್ಲಿ ತೆಳ್ಳಗಾಗಿ ಹೊರಗೆ ಉಬ್ಬುತ್ತದೆ. ಬಿಪಿ ಜಾಸ್ತಿ ಇದ್ದರೆ ಬಡಿತ ಜೋರು. ಬೀಡಿ-ಸಿಗರೇಟು ಸೇದಿದರೆ ಗೋಡೆ ಇನ್ನಷ್ಟು ದುರ್ಬಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಜಾಸ್ತಿ. ಹುಟ್ಟಿನಿಂದ ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ, ಆದರೆ ಮಕ್ಕಳಲ್ಲಿ ಇದು ತೀರಾ ಅಪರೂಪ. ನಡುವಯಸ್ಸಿನಲ್ಲಿ ಸದ್ದಿಲ್ಲದೆ ಬೆಳೆಯುವಂಥದ್ದು.

ದೊಡ್ಡವರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಇಂಥದ್ದೊಂದು ಉಬ್ಬು ಇರುತ್ತದೆ. ಚಿಗರಿ ಬಸ್ಸು ತುಂಬಿ ಧಾರವಾಡಕ್ಕೆ ಹೊರಟರೆ ಅದರೊಳಗೆ ಒಬ್ಬಿಬ್ಬರಿಗೆ ಇದ್ದೀತು, ಅವರಿಗೆ ಗೊತ್ತೂ ಇರುವುದಿಲ್ಲ. ಒಂದು ಲಕ್ಷ ದೊಡ್ಡವರಿರುವ ಊರು ಅಂದರೆ ಸುಮಾರು 3,000 ಜನ. ಆದರೆ ಉಬ್ಬು ಒಡೆದು ಆಸ್ಪತ್ರೆ ಸೇರುವವರು ಜಗತ್ತಿನ ಸರಾಸರಿಯಲ್ಲಿ ಲಕ್ಷಕ್ಕೆ ವರ್ಷಕ್ಕೆ ಹತ್ತಕ್ಕಿಂತ ಕಡಿಮೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ದಿನ ನನ್ನ ಎದೆಯ ಭಾರ ಅರ್ಧ ಇಳಿಯಿತು. ಬಹಳಷ್ಟು ಉಬ್ಬುಗಳು ಒಡೆಯುವುದೇ ಇಲ್ಲ. ಅವುಗಳನ್ನು ಹೊತ್ತವರು ವಯಸ್ಸಾಗಿ ಬೇರೇನೋ ಕಾರಣಕ್ಕೆ ಹೋಗುತ್ತಾರೆ.

ಇನ್ನರ್ಧ ಭಾರ ಸುಳ್ಳಲ್ಲ. ಒಡೆದರೆ ಮೂವರಲ್ಲಿ ಒಬ್ಬರಾದರೂ ಉಳಿಯುವುದಿಲ್ಲ. ಕೆಲವರು ಆಸ್ಪತ್ರೆಯನ್ನೂ ಮುಟ್ಟುವುದಿಲ್ಲ. ಬದುಕಿದವರಲ್ಲೂ ಎಷ್ಟೋ ಜನ ಮೊದಲಿನಂತೆ ಆಗುವುದಿಲ್ಲ. ಆಗುವುದು ಅಪರೂಪ, ಆದರೆ ಆದಾಗ ಭೀಕರ. ಇಂಥ ಅಪಾಯವನ್ನು ಅಳೆಯುವುದು ಮನುಷ್ಯನ ಮನಸ್ಸಿಗೆ ಬಹಳ ಕಷ್ಟ.

ಅಳೆಯಲು ಕೂತವರು ಇದ್ದಾರೆ. 2003ರಲ್ಲಿ ಒಂದು ಅಂತಾರಾಷ್ಟ್ರೀಯ ಅಧ್ಯಯನ ಪ್ರಕಟವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳು, ಅವರಲ್ಲಿ ಸುಮಾರು 1,700 ಜನರಿಗೆ ಚಿಕಿತ್ಸೆ ಕೊಡದೆ ಗಮನಿಸುತ್ತಾ ಹೋದರು. ಮೊದಲು ಎಂದೂ ತಲೆಯಲ್ಲಿ ರಕ್ತಸ್ರಾವ ಆಗದವರಲ್ಲಿ, ಮೆದುಳಿನ ಮುಂಭಾಗದ ರಕ್ತನಾಳಗಳಲ್ಲಿ 7 ಮಿಲಿಮೀಟರಿಗಿಂತ ಸಣ್ಣ ಉಬ್ಬು ಇದ್ದರೆ ಐದು ವರ್ಷದಲ್ಲಿ ಒಡೆದದ್ದು ಸೊನ್ನೆ. 7ರಿಂದ 12 ಮಿಲಿಮೀಟರ್ ಇದ್ದರೆ 2.6%. 13ರಿಂದ 24 ಇದ್ದರೆ 14.5%. 25 ದಾಟಿದರೆ 40%. ಹಿಂಭಾಗದ ರಕ್ತನಾಳಗಳಲ್ಲಿ ಇದ್ದರೆ ಇದೇ ಅಂಕಿಗಳು ಏರುತ್ತವೆ, ಅಲ್ಲಿ ಸಣ್ಣದಕ್ಕೂ 2.5%. ಅಂದರೆ ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ.

ಆ ಸೊನ್ನೆಯನ್ನು ಹಾಗೇ ನುಂಗಬಾರದು. ಯಾವ ಉಬ್ಬು ಕಂಡು ಡಾಕ್ಟರಿಗೆ ಭಯವಾಯಿತೋ ಅದಕ್ಕೆ ಅವರು ಆಪರೇಷನ್ ಮಾಡಿಬಿಟ್ಟಿದ್ದರು. ಗಮನಿಸಲು ಉಳಿದದ್ದು ಸ್ವಲ್ಪ ಸೌಮ್ಯವಾದವು. ಜಪಾನಿನವರು 5,720 ಜನರ 6,697 ಉಬ್ಬುಗಳನ್ನು ಗಮನಿಸಿ 2012ರಲ್ಲಿ ಲೆಕ್ಕ ಕೊಟ್ಟರು. ಒಟ್ಟಾರೆ ವರ್ಷಕ್ಕೆ 0.95%. ಗಾತ್ರದ ಪ್ರಕಾರ ನೋಡಿದರೆ 3-4 ಮಿಲಿಮೀಟರಿನವು ವರ್ಷಕ್ಕೆ 0.36%, 7ರಿಂದ 9ರವು 1.69%, 10ರಿಂದ 24ರವು 4.37%. ಉಬ್ಬಿನ ಮೇಲೆ ಇನ್ನೊಂದು ಪುಟ್ಟ ಮೊಳಕೆಯಂತೆ ಎದ್ದಿದ್ದರೆ ಅಪಾಯ ಮತ್ತೂ ಜಾಸ್ತಿ.

ಫಿನ್ಲೆಂಡಿನಲ್ಲಿ ಹಿಂದೆ, ಒಡೆಯದ ಉಬ್ಬಿಗೆ ಆಪರೇಷನ್ ಮಾಡದೇ ಇದ್ದ ಕಾಲದ 118 ರೋಗಿಗಳನ್ನು ಜೀವನಪೂರ್ತಿ ಹಿಂಬಾಲಿಸಿದರು. ಅವರಲ್ಲಿ 29% ಜನಕ್ಕೆ ಒಂದಲ್ಲ ಒಂದು ದಿನ ರಕ್ತಸ್ರಾವ ಆಯಿತು. ಸಿಗರೇಟು ಸೇದುತ್ತಿದ್ದ, ದೊಡ್ಡ ಉಬ್ಬಿದ್ದ ಹೆಂಗಸರಿಗೆ ಅತಿ ಹೆಚ್ಚು. ಇದು ಸಣ್ಣ ಗುಂಪು, ಫಿನ್ಲೆಂಡಿನವರಲ್ಲಿ ಅಪಾಯವೂ ಬೇರೆಯವರಿಗಿಂತ ಹೆಚ್ಚು. ಆದರೂ ಇದು ಹೇಳುವ ಮಾತು ಗಟ್ಟಿ. ಐದು ವರ್ಷದ ಲೆಕ್ಕ 75 ವರ್ಷದ ಅಜ್ಜನಿಗೆ ಸಾಕಾಗಬಹುದು, 35 ವರ್ಷದ ಹೆಣ್ಣುಮಗಳಿಗೆ ಸಾಕಾಗುವುದಿಲ್ಲ. ಅವಳ ಮುಂದೆ ಇನ್ನೂ 40 ವರ್ಷ ಇದೆ, ಅಲ್ವಾ?

ನಮ್ಮನ್ನು ಹೆದರಿಸಿದ ಒಂದು ಮಾತು ಇಲ್ಲೇ ಬಿಡಿಸಬೇಕು. "ನಮ್ಮಲ್ಲಿಗೆ ಒಡೆದು ಬರುವ ಉಬ್ಬುಗಳೆಲ್ಲ ಸಣ್ಣವೇ, ಸಣ್ಣದು ಅಂತ ಸುಮ್ನೆ ಇರಬೇಡಿ" ಅಂತ ಮೊದಲ ಆಸ್ಪತ್ರೆಯವರು ಅಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ಒಡೆದ ಉಬ್ಬುಗಳಲ್ಲಿ ಬಹಳಷ್ಟು 7 ಮಿಲಿಮೀಟರಿಗಿಂತ ಸಣ್ಣವೇ ಇರುತ್ತವೆ. ಹಾಗಾದರೆ ಸಣ್ಣವು ಸುರಕ್ಷಿತ ಅನ್ನುವುದು ಹೇಗೆ? ಒಂದು ಊರಿನಲ್ಲಿ ಸಣ್ಣ ಉಬ್ಬಿನವರು 1,000, ದೊಡ್ಡ ಉಬ್ಬಿನವರು 30 ಜನ ಅಂತ ಇಟ್ಟುಕೊಳ್ಳಿ. ಜಪಾನಿನ ದರವನ್ನೇ ಹಾಕಿದರೆ ಸಣ್ಣವರ ಪೈಕಿ ವರ್ಷಕ್ಕೆ ಮೂರೋ ನಾಲ್ಕೋ ಒಡೆಯುತ್ತವೆ, ದೊಡ್ಡವರ ಪೈಕಿ ಒಂದು. ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ ಕಾಣುವುದು ಸಣ್ಣವೇ ಜಾಸ್ತಿ. ಆದರೆ ಒಡೆಯದೆ ಮನೆಯಲ್ಲಿ ಕೂತ 996 ಜನ ಅವರಿಗೆ ಕಾಣುವುದಿಲ್ಲ. ನಿಮ್ಮ ಮನೆಯವರ ಅಪಾಯವನ್ನು ಅಳೆಯಬೇಕಾದದ್ದು ಆ ಸಾವಿರದ ನಡುವೆ ನಿಲ್ಲಿಸಿ. ಇದು ಅರ್ಥವಾಗಲು ನನಗೆ ಮೂರು ದಿನ ಬೇಕಾಯಿತು.

ಇಂಥ ಆರು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಒಂದು ಅಂಕಪಟ್ಟಿ ಮಾಡಿದ್ದಾರೆ. ಫೇಸಸ್ ಸ್ಕೋರ್ ಅಂತ ಹೆಸರು. ಯಾವ ದೇಶದವರು, ಬಿಪಿ ಇದೆಯಾ, 70 ದಾಟಿದೆಯಾ, ಗಾತ್ರ ಎಷ್ಟು, ಮೊದಲು ಬೇರೆ ಉಬ್ಬು ಒಡೆದಿತ್ತಾ, ಈಗಿನದು ಎಲ್ಲಿದೆ. ಇಷ್ಟಕ್ಕೆ ಅಂಕ. ಎರಡನೇ ಡಾಕ್ಟರು ಎಂಆರ್‌ಐ ಕವರಿನ ಹಿಂದೆ ಪೆನ್ನಿನಿಂದ ಒಂದು ಕವಲು ಬರೆದು, ಕವಲಿನ ಸಂದಿಯಲ್ಲಿ ಜೋಳದ ಕಾಳಿನಷ್ಟು ದುಂಡಗೆ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲೇ ಲೆಕ್ಕ ಹಾಕಿದರು. ಬಿಪಿಗೆ 1. ಉಬ್ಬಿರುವ ಜಾಗಕ್ಕೆ 2. ಗಾತ್ರ 7ಕ್ಕಿಂತ ಕಡಿಮೆ, ಅದಕ್ಕೆ ಸೊನ್ನೆ. ವಯಸ್ಸಿಗೆ ಸೊನ್ನೆ. ಒಟ್ಟು 3. ಮೂರು ಅಂಕಕ್ಕೆ ಐದು ವರ್ಷದಲ್ಲಿ ಒಡೆಯುವ ಸಾಧ್ಯತೆ 0.7%. "ಸಾವಿರ ಮಂದ್ಯಾಗ ಏಳು" ಅಂದರು. ಚಿಗವ್ವ ಆ ಚುಕ್ಕಿಯ ಮೇಲೆ ಬೆರಳಿಟ್ಟು, "ಇಷ್ಟ ಐತೇನ್ರಿ?" ಅಂತ ಕೇಳಿದಳು. "ಇಷ್ಟ ಅವ್ವಾರ."

ಒಂದು ಕೊರತೆ ಹೇಳಲೇಬೇಕು. ಆ ಅಂಕಪಟ್ಟಿಯಲ್ಲಿರುವುದು ಯುರೋಪ್, ಉತ್ತರ ಅಮೆರಿಕ, ಜಪಾನ್, ಫಿನ್ಲೆಂಡಿನ ಜನ. ಭಾರತದವರ ಲೆಕ್ಕ ಅದರಲ್ಲಿಲ್ಲ. ಸಿಗರೇಟಿಗೆ, ಮನೆತನದ ಇತಿಹಾಸಕ್ಕೆ ಅದರಲ್ಲಿ ಅಂಕವೂ ಇಲ್ಲ. ಬೆಟಗೇರಿಯ ಹೆಂಗಸಿಗೆ ಬೇರೆ ದೇಶದವರ ಮೊಳಕೋಲು ಹಿಡಿದು ಅಳೆಯುತ್ತಿದ್ದೇವೆ. ಅಳತೆಯೇ ಇಲ್ಲದಿರುವುದಕ್ಕಿಂತ ಇದು ಮೇಲು, ಆದರೆ ಪಕ್ಕಾ ಅಂತ ಹಿಡಿದುಕೊಳ್ಳುವ ಹಾಗಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಚಿಕಿತ್ಸೆಗೂ ಅಪಾಯ ಇದೆ, ಅದು ಮೊದಲ ದಿನವೇ ಬರುತ್ತದೆ. ಮುಖ್ಯ ದಾರಿಗಳು ಎರಡು. ಒಂದು, ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕುವುದು. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಮೊದಲು ಮಾಡಿದ್ದು. ಇನ್ನೊಂದು, ತೊಡೆಯ ಸಂದಿಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವುದು. ಇದಕ್ಕೆ ಕಾಯಿಲಿಂಗ್ ಅಂತಾರೆ. ಗಿಡೊ ಗುಗ್ಲಿಯೆಲ್ಮಿ ರೂಪಿಸಿದ ಕಾಯಿಲ್ 1990ರಲ್ಲಿ ಬಳಕೆಗೆ ಬಂತು. ಕ್ಲಿಪ್ ಒಮ್ಮೆ ಸರಿಯಾಗಿ ಕೂತರೆ ಉಬ್ಬು ಮತ್ತೆ ಬರುವುದು ಕಡಿಮೆ, ಆದರೆ ತಲೆ ತೆರೆಯಬೇಕು. ಕಾಯಿಲ್ ಆದರೆ ಬೇಗ ಮನೆಗೆ ಹೋಗಬಹುದು, ಆದರೆ ಸುರುಳಿ ಒತ್ತಿಕೊಂಡು ಉಬ್ಬು ಮತ್ತೆ ತುಂಬಬಹುದು. ಹಾಗಾಗಿ ವರ್ಷಗಟ್ಟಲೆ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು.

ಈಚೆಗೆ ಬಂದದ್ದು ಫ್ಲೋ ಡೈವರ್ಟರ್. ರಕ್ತನಾಳದೊಳಗೆ ಒತ್ತು ಜಾಲರಿ ಇಟ್ಟು, ಉಬ್ಬಿನ ಬಾಯಿಯತ್ತ ರಕ್ತ ನುಗ್ಗದಂತೆ ಮಾಡುವುದು. ದೊಡ್ಡ, ಬಾಯಗಲದ ಉಬ್ಬುಗಳಿಗೆ ಒಳ್ಳೆಯದು. ಇದರಲ್ಲಿ ನಮ್ಮ ಕಡೆಯವರು ಗಟ್ಟಿಯಾಗಿ ನೆನಪಿಡಬೇಕಾದ ಒಂದು ಮಾತಿದೆ. ಜಾಲರಿ ಇಟ್ಟ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಇನ್ನೊಂದು ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ಸುಗ್ಗಿ ಬಂತು, ಜಾತ್ರೆ ಬಂತು, ಮಾತ್ರೆ ತರಲು ಪ್ಯಾಟಿಗೆ ಹೋಗಲಾಗಲಿಲ್ಲ ಅಂತ ಬಿಟ್ಟರೆ ಪಾರ್ಶ್ವವಾಯು ಹೊಡೆಯಬಹುದು. ಯಾವ ವಿಧಾನ ಅಂತ ಆರಿಸುವ ಮೊದಲು ಈ ಮಾತ್ರೆಗಳನ್ನು ನಡೆಸಿಕೊಂಡು ಹೋಗುವವರು ಮನೆಯಲ್ಲಿ ಯಾರು ಅಂತ ನೋಡಿಕೊಳ್ಳಬೇಕು.

ಒಡೆಯದ ಉಬ್ಬುಗಳಿಗೆ ಚಿಕಿತ್ಸೆ ಪಡೆದ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು 2019ರಲ್ಲಿ ಒಟ್ಟು ಮಾಡಿದರು. ಮೊದಲ ತಿಂಗಳಲ್ಲಿ ಏನಾದರೊಂದು ತೊಡಕು ಬಂದವರು ಕೊಳವೆ ಮಾರ್ಗದಲ್ಲಿ ಸುಮಾರು 5%, ತೆರೆದ ಆಪರೇಷನ್ನಿನಲ್ಲಿ ಸುಮಾರು 8%. ಸಾವು ಕೊಳವೆಯಲ್ಲಿ 0.3%, ಆಪರೇಷನ್ನಿನಲ್ಲಿ 0.1%. ಚಿಗವ್ವನ ಐದು ವರ್ಷದ 0.7%ರ ಪಕ್ಕದಲ್ಲಿ ಈ 5 ಮತ್ತು 8ನ್ನು ಇಟ್ಟು ನೋಡಿ. ಎರಡನೇ ಡಾಕ್ಟರು ಯಾಕೆ ಗಡಿಬಿಡಿ ಬೇಡ ಅಂದರು ಅನ್ನುವುದು ತಿಳಿಯುತ್ತದೆ. ಅದೇ 10 ಮಿಲಿಮೀಟರ್ ಇದ್ದಿದ್ದರೆ, ಹಿಂಭಾಗದ ರಕ್ತನಾಳದಲ್ಲಿ ಇದ್ದಿದ್ದರೆ, ಅವಳು 40 ವರ್ಷದವಳಾಗಿದ್ದರೆ, ನಾನೇ ಆಪರೇಷನ್ ಮಾಡಿಸೋಣ ಅಂತ ಹಠ ಹಿಡಿಯುತ್ತಿದ್ದೆ. ತಕ್ಕಡಿ ಒಂದೇ, ತೂಕ ಮಾತ್ರ ಮನುಷ್ಯರಿಂದ ಮನುಷ್ಯರಿಗೆ ಬದಲು.

ಹಾಗಾಗಿ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ "ಆಪರೇಷನ್ ಬೇಕೋ ಬೇಡವೋ" ಅಂತ ಒಂದೇ ಅಲ್ಲ. ಉಬ್ಬು ಎಷ್ಟು ದೊಡ್ಡದು, ಎಲ್ಲಿದೆ, ಆಕಾರ ಹೇಗಿದೆ ಅಂತ ಕೇಳಿ. ಬಿಟ್ಟರೆ ಎಷ್ಟು ಅಪಾಯ, ಮುಟ್ಟಿದರೆ ಎಷ್ಟು ಅಂತ ಕೇಳಿ. ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ ಅಂತಲೂ ಕೇಳಿ. ಇದು ಉದ್ಧಟತನ ಅಲ್ಲ. ಕೈ ಪಳಗಿದ ಕಡೆ ತೊಡಕು ಕಡಿಮೆ. ಒಡೆಯದ ಉಬ್ಬಿಗೆ ಸಾಮಾನ್ಯವಾಗಿ ಇನ್ನೊಂದು ಅಭಿಪ್ರಾಯ ಕೇಳುವಷ್ಟು ಸಮಯ ಇರುತ್ತದೆ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ, ಬೆಂಗಳೂರಿನ ನಿಮ್ಹಾನ್ಸ್, ಎಲ್ಲಿಯಾದರೂ ತೋರಿಸಬಹುದು. ಆದರೆ ಉಬ್ಬಿನ ಜೊತೆ ಒಂದು ಕಣ್ಣಿನ ರೆಪ್ಪೆ ಜೋತು ಬಿದ್ದರೆ, ಪಾಪೆ ಅಗಲವಾಗಿ ಒಂದು ಎರಡಾಗಿ ಕಂಡರೆ, ಆಗ ಕಾಯಬಾರದು. ಉಬ್ಬು ಬೆಳೆದು ಕಣ್ಣಿನ ನರವನ್ನು ಒತ್ತುತ್ತಿರಬಹುದು.

ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದ ತನಕ ಸಿಗುತ್ತದೆ. ಅಡ್ಮಿಟ್ ಆಗುವ ಮೊದಲೇ, ತಮಗೆ ಹೇಳಿದ ಚಿಕಿತ್ಸೆ ಯೋಜನೆಯೊಳಗೆ ಬರುತ್ತದಾ, ಕಾಯಿಲ್ ಅಥವಾ ಜಾಲರಿಯ ಬೆಲೆ ಅದರಲ್ಲಿ ಸೇರಿದೆಯಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಬಾಯಿಬಿಟ್ಟು ಕೇಳಿ.

ಇನ್ನು ಕಾಯುವುದು. ಕಾಯುವುದು ಅಂದರೆ ರಿಪೋರ್ಟನ್ನು ಟ್ರಂಕಿನಲ್ಲಿಟ್ಟು ಮರೆಯುವುದು ಅಂತ ನಾನೂ ತಿಳಿದಿದ್ದೆ. ಡಾಕ್ಟರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಚಿಗವ್ವನಿಗೆ ಹತ್ತು ವರ್ಷದಿಂದ ಬಿಪಿ. ಮಾತ್ರೆ ತಗೊಳ್ಳುತ್ತಿದ್ದದ್ದು "ತಲಿ ಭಾರ ಆದಾಗ" ಮಾತ್ರ. ಅವತ್ತು ನೋಡಿದರೆ 168/100. ಬಿಪಿ ಹೀಗಿಟ್ಟುಕೊಂಡು ಉಬ್ಬಿನ ಬಗ್ಗೆ ಚಿಂತೆ ಮಾಡಿದರೆ ಏನು ಬಂತು? ದಿನಾ ಮಾತ್ರೆ, ವಾರಕ್ಕೆ ಮೂರು ಸಲ ಬಿಪಿ ನೋಡಿ ಬರೆದಿಡುವುದು ಅಂತ ಆಯಿತು. ಬಿಪಿ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿಗೆ ದಾರದಲ್ಲಿ ಪೆನ್ಸಿಲ್ ಕಟ್ಟಿ, ತಾರೀಖಿನ ಚೌಕದಲ್ಲೇ ಮೊಮ್ಮಗಳು ಬರೆಯುತ್ತಾಳೆ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಾದವು.

ಆಮೇಲೆ ಸಂಚಿ. ಎಲೆ, ಅಡಿಕೆ, ಸುಣ್ಣ, ತಂಬಾಕು, ಎಲ್ಲಾ ಇರುವ ಬಟ್ಟೆಯ ಸಂಚಿ ಅವಳ ಸೊಂಟ ಬಿಟ್ಟದ್ದನ್ನು ನಾನು ನೋಡಿಲ್ಲ. ಅನ್ಯೂರಿಸಂ ಒಡೆಯುವುದಕ್ಕೂ ಸೇದುವ ತಂಬಾಕಿಗೂ ಇರುವ ನಂಟು ಅಧ್ಯಯನಗಳಲ್ಲಿ ಸ್ಪಷ್ಟ. ತಿನ್ನುವ ತಂಬಾಕೂ ಬಿಪಿ ಏರಿಸುತ್ತದೆ, ಬಾಯಿ ಕ್ಯಾನ್ಸರಿನ ಮಾತಂತೂ ಇದ್ದೇ ಇದೆ. ಡಾಕ್ಟರು ಕೈ ಮುಗಿದು, "ಎಲಿ ತಿನ್ರಿ, ತಂಬಾಕ ಬಿಡ್ರಿ" ಅಂದರು. ಅವಳಿಗೆ ಮೂರು ತಿಂಗಳು ಹಿಡಿಯಿತು. ಎರಡು ಸಲ ಬಿಟ್ಟು ಮತ್ತೆ ಹಿಡಿದಳು. ನಮ್ಮ ಮನೆಯ ಗಂಡಸರು ಇದೇ ಭಯದಲ್ಲಿ ಗುಟ್ಕಾ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಇನ್ನೂ ಬಿಟ್ಟಿಲ್ಲ.

ಮೊದಲ ಸ್ಕ್ಯಾನ್ ಆರರಿಂದ ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ. ನೋಡುವುದು ಒಂದೇ, ಬೆಳೆದಿದೆಯಾ ಅಂತ. ಬೆಳೆಯುವ ಉಬ್ಬು ಒಡೆಯುವ ಸಾಧ್ಯತೆ ಜಾಸ್ತಿ, ಆಗ ಚಿಕಿತ್ಸೆಯ ಮಾತು ಮತ್ತೆ ಬರುತ್ತದೆ. ಇಲ್ಲಿ ಒಂದು ಸಣ್ಣ ಎಚ್ಚರಿಕೆ ಬೇಕು. ಬೇರೆ ಬೇರೆ ಯಂತ್ರದಲ್ಲಿ ಅಳೆದರೆ ಅದೇ ಉಬ್ಬು ಒಂದು ಕಡೆ 4, ಇನ್ನೊಂದು ಕಡೆ 5 ಆಗಬಹುದು. ಇಲ್ಲದ ಬೆಳವಣಿಗೆಗೆ ಇಡೀ ಮನೆ ಹೆದರುತ್ತದೆ. ಸಾಧ್ಯವಾದರೆ ಒಂದೇ ಸೆಂಟರಿನಲ್ಲಿ ಮಾಡಿಸಿ. ಬರೀ ಫಿಲ್ಮು ಸಾಲದು, ಸಿಡಿ ಕೇಳಿ ತಗೊಂಡು ಪ್ರತಿ ಸಲ ಜೊತೆಗೆ ಒಯ್ಯಿರಿ. ನಮ್ಮ ಕಡೆ ಹಳೇ ಫಿಲ್ಮುಗಳು ಮಾಳಿಗೆ ಸೇರಿ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ.

ಮನೆಯವರೆಲ್ಲ ಸ್ಕ್ಯಾನ್ ಮಾಡಿಸಬೇಕಾ ಅಂತ ನನ್ನ ತಂಗಿ ಕೇಳಿದಳು. ಒಬ್ಬರಿಗೆ ಬಂದರೆ ಸಾಮಾನ್ಯವಾಗಿ ಬೇಕಿಲ್ಲ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರಿಗೆ ಅಥವಾ ಹೆಚ್ಚಿನವರಿಗೆ ಇದ್ದರೆ, ಇಲ್ಲವೇ ಮನೆತನದಲ್ಲಿ ಕಿಡ್ನಿಯ ತುಂಬ ನೀರುಗುಳ್ಳೆ ಆಗುವ ಕಾಯಿಲೆ ಇದ್ದರೆ, ಡಾಕ್ಟರನ್ನು ಕೇಳಿ ಮಾಡಿಸುವುದು ಒಳ್ಳೆಯದು.

ಎಲ್ಲರಿಗೂ, ಉಬ್ಬು ಇದೆ ಅಂತ ಗೊತ್ತಿದ್ದವರಿಗೂ ಇಲ್ಲದವರಿಗೂ, ತಿಳಿದಿರಬೇಕಾದದ್ದು ಒಡೆದಾಗಿನ ಲಕ್ಷಣ. ಒಮ್ಮೆಲೇ, ಸಿಡಿಲು ಹೊಡೆದಂತೆ, ಹುಟ್ಟಿದಾಗಿನಿಂದ ಕಂಡಿರದಂಥ ತಲೆನೋವು. ವಾಂತಿ, ಕುತ್ತಿಗೆ ಬಿಗಿತ, ಕೆಲವರಿಗೆ ಎಚ್ಚರ ತಪ್ಪುವುದು, ಫಿಟ್ಸ್. ಪಿತ್ತ ಅಂತ ನಿಂಬೆಹಣ್ಣು ಕುಡಿಸಿ, ಝಂಡೂ ಬಾಮ್ ಹಚ್ಚಿ ಮಲಗಿಸಿದರೆ ಹೊತ್ತು ಕಳೆದುಹೋಗುತ್ತದೆ. ಒಮ್ಮೆ ಒಡೆದು ನಿಂತ ಉಬ್ಬು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಯಲ್ಲೇ ಅತಿ ಹೆಚ್ಚು. ಮೊದಲ ಆರು ಗಂಟೆಯೊಳಗೆ ಸಿಟಿ ಸ್ಕ್ಯಾನ್ ಆದರೆ ರಕ್ತ ಹೆಚ್ಚೂಕಮ್ಮಿ ತಪ್ಪದೆ ಕಾಣುತ್ತದೆ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. 108ಕ್ಕೆ ಫೋನ್ ಮಾಡಿ ಹೊರಟರೆ ಆರು ಗಂಟೆ ಧಾರಾಳ ಸಾಕು. ಬೆಳಿಗ್ಗೆ ನೋಡೋಣ ಅಂತ ಕೂತರೆ ಸಾಲದು.

ಚಿಗವ್ವ ಕೊಡ ಹೊರಬಹುದಾ, ಊರಿಗೆ ಹೋಗಬಹುದಾ, ಸಿಟ್ಟು ಮಾಡಬಹುದಾ ಅಂತೆಲ್ಲ ಕೇಳಿದ್ದೆವು. ಎಲ್ಲಾ ಮಾಡಲಿ ಅಂದರು. ಮೊದಲ ಎರಡು ತಿಂಗಳು ಅವಳು ಬಗ್ಗಿ ರೊಟ್ಟಿ ಬಡಿಯಲೂ ಹೆದರುತ್ತಿದ್ದಳು. ಈಗ ಬಡಿಯುತ್ತಾಳೆ, ಮೊದಲಿನಂತೆ ಓಣಿಗೆಲ್ಲ ಕೇಳುವಂತೆ. ಈ ವರ್ಷ ಅದೇ ಸೆಂಟರಿನಲ್ಲಿ ಮತ್ತೆ ಎಂಆರ್‌ಐ ಆಯಿತು. ಹಳೇ ಸಿಡಿ, ಹೊಸ ಸಿಡಿ ಅಕ್ಕಪಕ್ಕ ಇಟ್ಟು ನೋಡಿದರು. 4 ಮಿಲಿಮೀಟರ್. ಮುಂದಿನದು ಮುಂದಿನ ವರ್ಷ. ಅಡುಗೆಮನೆಯಲ್ಲಿ ಕ್ಯಾಲೆಂಡರ್ ಹೊಸದಾಗಿದೆ, ದಾರದಲ್ಲಿ ಅದೇ ಮೋಟು ಪೆನ್ಸಿಲ್ ತೂಗುತ್ತಿದೆ. ಮೊನ್ನೆ ಹೋದಾಗ ನೋಡಿದೆ, ಆ ದಿನದ ಚೌಕದಲ್ಲಿ 128/82 ಅಂತ ಬರೆದಿತ್ತು.